ಮೂರು ಸೊನ್ನೆಗಳ ಹುಡುಗ

ನಮ್ಮ ಮನೆಯಲ್ಲಿ ಸಂಜೆ ಏಳೂಕಾಲಿಗೆ ಊಟದ ತಾಟುಗಳು ತೊಳೆದು ಬೋರಲಾಗಿರಬೇಕು, ಏಳೂ ಇಪ್ಪತ್ತೈದಕ್ಕೆ ಅಡುಗೆಮನೆಯ ಕಟ್ಟೆ ಒರೆಸಿರಬೇಕು, ಏಳೂವರೆಗೆ ಸರಿಯಾಗಿ ನಾನು ನಡುಮನೆಯ ಮೇಜಿನ ಮುಂದೆ, ಗುರೆಳ್ಳು ಚಟ್ನಿಯ ಡಬ್ಬಿಗೆ ಫೋನನ್ನು ಆನಿಸಿಟ್ಟು, ಕನ್ನಡಕ ಒರೆಸಿಕೊಂಡು ಕೂತಿರಬೇಕು. ಜೂನ್ ತಿಂಗಳಿನಿಂದ ಆಗಸ್ಟ್ ಮುಗಿಯುವವರೆಗೆ ಈ ಕ್ರಮದಲ್ಲಿ ಒಂದು ನಿಮಿಷದ ಏರುಪೇರನ್ನೂ ನಾನು ಸಹಿಸುವುದಿಲ್ಲ. ಧಾರಾವಾಹಿ ಇರಬೇಕೆಂದು ನೀವು ಊಹಿಸಿದ್ದರೆ ತಪ್ಪು, ಪ್ರವಚನವೂ ಅಲ್ಲ. ರಾಣೆಬೆನ್ನೂರಿನ ಈ ಮೇಜಿಗೆ ಕೂತು ಅರವತ್ತೊಂಬತ್ತು ವರ್ಷದ ನಾನು ಹಿಂಬಾಲಿಸುವುದು, ಭೂಮಿಯ ಆಚೆ ಬದಿಯ ಡೊಮಿನಿಕನ್ ದೇಶದಲ್ಲಿ ಹದಿಹರೆಯದ ಹುಡುಗರು ಆಡುವ ಬೇಸ್‌ಬಾಲ್ ಲೀಗನ್ನು.

ನಗುವವರು ಒಂದು ಸಲ ನಕ್ಕುಬಿಡಿ, ಆಮೇಲೆ ಮುಂದುವರಿಯೋಣ. ಅಮೆರಿಕದ ದೊಡ್ಡ ಕ್ಲಬ್ಬುಗಳು ಡೊಮಿನಿಕನ್, ವೆನೆಜುವೆಲಾ, ಪನಾಮಾ ಮುಂತಾದ ದೇಶಗಳಿಂದ ಹದಿನಾರು ಹದಿನೇಳರ ಹುಡುಗರನ್ನು ಆರಿಸಿ ತಂದು, ಮೊದಲು ಈ ಲೀಗಿನಲ್ಲಿ ಆಡಿಸಿ ನೋಡುತ್ತವೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದೊಂದು ಸಸಿಮಡಿ. ಇಲ್ಲಿ ಚಿಗುರಿದವರನ್ನು ಅಮೆರಿಕದ ಹೊಲಕ್ಕೆ ಒಯ್ದು ನೆಡುತ್ತಾರೆ. ಚಿಗುರದವರನ್ನು ಊರಿಗೆ ಕಳಿಸುತ್ತಾರೆ. ಅಲ್ಲಿ ಬೆಳಗಿನ ಹತ್ತು ಎಂದರೆ ನಮಗೆ ಸಂಜೆ ಏಳೂವರೆ. ಟಿವಿಯಲ್ಲಿ ಬರುವ ಆಟವಲ್ಲ. ನಾನು ತೆರೆಯುವ ಪುಟದಲ್ಲಿ ಚಿತ್ರವೂ ಇಲ್ಲ, ದನಿಯೂ ಇಲ್ಲ. ಒಬ್ಬೊಬ್ಬ ದಾಂಡಿಗನ ಸರದಿ ಮುಗಿದಂತೆ ಒಂದೊಂದು ಸಾಲು ಮೂಡುತ್ತದೆ, ಕೆಳಗಿನ ಕೋಷ್ಟಕದಲ್ಲಿ ಒಂದೊಂದು ಅಂಕಿ ಬದಲಾಗುತ್ತದೆ, ಅಷ್ಟೆ. ಆದರೆ ಆ ಕೋಷ್ಟಕ ಎಂಥದ್ದು ಅಂತೀರಿ! ಐದು ವರ್ಷದ ಹಿಂದೆ ಮೊಣಕಾಲು ನೋವಿಗೆ ಮಲಗಿದ್ದಾಗ, ಕ್ರಿಕೆಟ್ಟಿನ ಸ್ಕೋರು ಹುಡುಕುತ್ತ ಬೆರಳು ಜಾರಿ ಅಲ್ಲಿಗೆ ಹೋಗಿಬಿದ್ದೆ. ಪ್ರತಿ ಹುಡುಗನಿಗೆ ಒಂದು ಸಾಲು, ಪ್ರತಿ ಕೆಲಸಕ್ಕೆ ಒಂದು ಕಾಲಂ. ಅಡ್ಡ ಕೂಡಿಸಿದರೂ ಉದ್ದ ಕೂಡಿಸಿದರೂ ತಾಳೆಯಾಗುವ ಆ ಶಿಸ್ತನ್ನು ಕಂಡ ಗಳಿಗೆಯೇ ನಾನು ಸೋತೆ.

ಸೋಲಲು ಕಾರಣವಿತ್ತು. ಮೂವತ್ತೇಳು ವರ್ಷ ನಾನು ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಒದ್ದೆ ಮಾಡಿದ ಕಾಗದದ ಮೇಲೆ ಬೀಜಗಳನ್ನು ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ನಿಲ್ಲಿಸಿ, ಗೊತ್ತಾದ ದಿನ ಬಿಚ್ಚಿ ಮೊಳಕೆ ಎಣಿಸುವುದು ನಮ್ಮ ಕಾಯಕ. ಬೆಂಡಿ ಬೀಜಕ್ಕಾದರೆ ನಾಲ್ಕನೆಯ ದಿನ ಮೊದಲ ಎಣಿಕೆ, ಇಪ್ಪತ್ತೊಂದನೆಯ ದಿನ ಕೊನೆಯ ಎಣಿಕೆ. ಹಬ್ಬವಿರಲಿ, ಮದುವೆಯಿರಲಿ, ನಾಲ್ಕನೆಯ ದಿನವೆಂದರೆ ನಾಲ್ಕನೆಯ ದಿನ. ಮೊದಲ ಎಣಿಕೆಯಲ್ಲಿ ಮೊಳೆತದ್ದನ್ನು ಎಣಿಸಿ ತೆಗೆಯಬೇಕು, ಕೊಳೆತದ್ದನ್ನು ಪಕ್ಕದ್ದಕ್ಕೆ ಬೂಷ್ಟು ಹಿಡಿಯದಂತೆ ಚಿಮಟದಲ್ಲಿ ಎತ್ತಿ ಬಿಸಾಡಬೇಕು, ಉಳಿದದ್ದನ್ನು ಮತ್ತೆ ಸುತ್ತಿಡಬೇಕು. ರಾತ್ರಿ ಒಂಬತ್ತಕ್ಕೆ ಮಲಗಿ ಬೆಳಿಗ್ಗೆ ಐದಕ್ಕೆ ಏಳುವ ನನ್ನ ರೂಢಿಯೂ ಆ ಕಾಲದ್ದೇ. ಹೀಗಾಗಿ ಪ್ರತಿ ಆಟವೂ ನನಗೆ ಎರಡು ತುಂಡು: ಒಂಬತ್ತರವರೆಗೆ ಕಂಡದ್ದು ಒಂದು, ಬೆಳಿಗ್ಗೆ ಐದಕ್ಕೆ ಓದಿದ್ದು ಇನ್ನೊಂದು.

ವರ್ಷ ವರ್ಷ ಜೂನಿನಲ್ಲಿ ಹನ್ನೆರಡು ಹುಡುಗರನ್ನು ಆರಿಸಿ, ಅವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು, ಕ್ಯಾಲೆಂಡರಿನ ಪಕ್ಕ ತೂಗುಹಾಕುತ್ತೇನೆ. ದೊಡ್ಡ ಹೆಸರಿನವರನ್ನು ಆರಿಸುವುದಿಲ್ಲ. ಅವರನ್ನು ನೋಡಲು ಬೇಕಾದಷ್ಟು ಜನರಿದ್ದಾರೆ. ಕಳೆದ ಜೂನಿನ ಹನ್ನೆರಡನೆಯವನು ಹೋಸ್ವೆ ಎಂಬ ವೆನೆಜುವೆಲಾದ ಹುಡುಗ, ವಯಸ್ಸು ಹದಿನೇಳು. ದಾಂಡಿಗನ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವ ಕೀಪರನ ಕೆಲಸ ಅವನದು. ಅವನ ಪುಟದಲ್ಲಿ ಫೋಟೋ ಇರಲಿಲ್ಲ. ಇಂಥ ಎಳೆಯರಲ್ಲಿ ಎಷ್ಟೋ ಜನರಿಗೆ ಇರುವುದಿಲ್ಲ. ಫೋಟೋದ ಜಾಗದಲ್ಲಿ ಬೂದುಬಣ್ಣದ ಒಂದು ತಲೆ, ಎರಡು ಹೆಗಲು, ಒಂದು ಟೊಪ್ಪಿಗೆ.

ಜುಲೈ ನಡುವಿಗೆ ನಾನು ಹಾಳೆಯ ಮೊದಲ ಎಣಿಕೆ ಮಾಡಿದೆ. ಹೋಸ್ವೆ ಹತ್ತೊಂಬತ್ತು ಸಲ ದಾಂಡು ಬೀಸಿ ಒಂದೂ ಹಿಟ್ ಹೊಡೆದಿರಲಿಲ್ಲ. ಹಿಟ್ ಎಂದರೆ ಚೆಂಡನ್ನು ಹೊಡೆದು, ಔಟಾಗದೆ ಓಡಿ ಬೇಸ್ ಎಂಬ ಠಾವು ಮುಟ್ಟುವುದು. ಅವನ ಸರಾಸರಿಯ ಕಾಲಮ್ಮಿನಲ್ಲಿ ಒಂದು ಚುಕ್ಕೆ, ಅದರ ಮುಂದೆ ಮೂರು ಸೊನ್ನೆ. ಕೆಂಪು ಪೆನ್ನು ತೆಗೆದೆ, ಅಡ್ಡಗೀಟು ಎಳೆದೆ, ಮುಚ್ಚಳ ಹಾಕಿ ಪೆನ್ನನ್ನು ಜಾಗದಲ್ಲಿಟ್ಟೆ.

ಈ ಮನೆ ನನ್ನ ತಮ್ಮ ಬಸವರಾಜನದು. ಅವನಿಗೆ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಅಂಗಡಿ. ಸೋಮವಾರ, ಗುರುವಾರ ಬೆಳಗಾಗುವ ಮೊದಲೇ ಹೋಗಿ ಸಂಜೆ ಕೆಮ್ಮುತ್ತ ಬರುತ್ತಾನೆ. ನನ್ನ ಆಟವನ್ನು ಹಂಗಿಸುವುದು ಅವನಿಗೆ ಊಟದ ಮೇಲಿನ ಎಲೆಯಡಿಕೆ. ಅಂದು ಸಂಜೆ ಹಾಳೆಯ ಮುಂದೆ ನಿಂತು ಕೇಳಿದ:

“ಅಕ್ಕಾ, ಈ ಹುಡುಗಗ ಯಾಕ ಕೆಂಪ ಗೀಟ ಎಳದಿ? ಏನ್ ತಪ್ಪ ಮಾಡ್ಯಾನ?”

“ಹತ್ತೊಂಬತ್ತ ಸಲ ಆಡ್ಯಾನ, ಒಂದೂ ಹಿಟ್ ಇಲ್ಲ. ಸತ್ತ ಬೀಜ.”

ಅವನು ನನ್ನ ಫೋನು ಎತ್ತಿಕೊಂಡು ಸಾಲಿನ ಮೇಲೆ ಬೆರಳು ಸರಿಸಿದ. “ಇಲ್ಲಿ ಒಂಬತ್ತು ಅಂತ ಐತೆಲ್ಲ, ಇದೇನು?”

“ಚೆಂಡ ಒಗ್ಯಾಂವ ನಾಲ್ಕು ಕೆಟ್ಟ ಚೆಂಡು ಒಗದ್ರ, ಅವನ್ನ ಮುಟ್ಟದ ಬಿಟ್ಟಾಂವಗ ಮೊದಲನೇ ಬೇಸ್ ಪುಕ್ಕಟ. ಹಂಗ ಒಂಬತ್ತ ಸಲ ನಡದು ಹೋಗ್ಯಾನ.”

“ಪುಕ್ಕಟ ಯಾರ್ ಏನ್ ಕೊಡ್ತಾರ ಅಕ್ಕಾ? ಯಾವ ಚೆಂಡು ಕೆಟ್ಟದ್ದು ಅಂತ ತಿಳೀಲಿಕ್ಕೆ ಕಣ್ಣ ಬೇಕಲ್ಲ! ಚೀಲದ ಬಾಯಾಗಿನ ಕಾಯಿ ಅಷ್ಟ ನೋಡಿ ನಾ ರೇಟ್ ಹೇಳಿದ್ರ ನನ್ನ ಅಂಗಡಿ ಎಂದೋ ಮುಚ್ಚತಿತ್ತು. ತಳದಾಗ ಕೈ ಹಾಕಿ ನೋಡೀಯೇನು?”

ಅವನ ಹೆಂಡತಿ ನಿರ್ಮಲಾ ಒಳಗಿನಿಂದಲೇ, “ಅಕ್ಕಾರ, ನಿಮ್ಮ ಕಸುಬ ನಿಮಗ ಕಲಿಸೋ ಹಂಗ ಆತಲ್ರಿ ಇವರದು!” ಎಂದು ನಕ್ಕಳು. ನಾನು ನಗಲಿಲ್ಲ. ಏಕೆಂದರೆ ತಪ್ಪು ನನ್ನದು, ಅದೂ ನನ್ನ ಕಸುಬಿನದೇ ತಪ್ಪು.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಕುಪ್ಪೇಲೂರಿನಿಂದ ಬಂದ ಬೆಂಡಿ ಬೀಜದ ಒಂದು ಮಾದರಿಯಲ್ಲಿ ಮೊಳೆಯದೆ ಉಳಿದ ಕಾಳುಗಳನ್ನೆಲ್ಲ ನಾನು ಸತ್ತವೆಂದು ಬರೆದಿದ್ದೆ. ನಮ್ಮ ಹಿರಿಯ ಅಧಿಕಾರಿ ಒಂದು ಮಾತೂ ಬೈಯದೆ ನನ್ನನ್ನು ಕರೆದು ಕೂರಿಸಿ, ಆ ಕಾಳುಗಳನ್ನು ಒಂದೊಂದಾಗಿ ಚಿಮಟದಿಂದ ಒತ್ತಿಸಿದರು. ಸತ್ತ ಬೀಜ ಒತ್ತಿದರೆ ಪಿಚ್ಚನೆ ಕುಸಿಯುತ್ತದೆ. ಅವು ಕುಸಿಯಲಿಲ್ಲ. ಸಿಪ್ಪೆ ಗಡಸಾಗಿ ನೀರನ್ನು ಇನ್ನೂ ಒಳಗೆ ಬಿಟ್ಟುಕೊಳ್ಳದೆ ಕೂತಿದ್ದ ಜೀವಂತ ಬೀಜಗಳವು. ಅವಕ್ಕೊಂದು ಬೇರೆ ಕಾಲಂ ಇದೆ; ಅವನ್ನು ಸತ್ತವುಗಳ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅದಾದ ಮೇಲೆ ಮೂವತ್ತಾರು ವರ್ಷ ಒತ್ತಿ ನೋಡದೆ ಒಂದು ಬೀಜವನ್ನೂ ಬಿಸಾಡದ ನಾನು, ಒಬ್ಬ ಹುಡುಗನನ್ನು ಒಂದೇ ಕಾಲಂ ನೋಡಿ ಬಿಸಾಡಿದ್ದೆ. ಮರುದಿನ ಬೆಳಿಗ್ಗೆ ಐದೂಹತ್ತಕ್ಕೆ ಹಾಳೆಯ ಕೆಳಗೆ ಅವನ ಹೆಸರನ್ನು ಹೊಸದಾಗಿ ಬರೆದೆ. ನಿರ್ಮಲಾ ಹೇಳುವಂತೆ, ಉಳಿದ ಹೆಸರುಗಳಿಗಿಂತ ದೊಡ್ಡ ಅಕ್ಷರದಲ್ಲಿ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ಕಳವಳ. ಲೀಗು ಮುಗಿದ ಮೇಲೆ ಪ್ರತಿ ಕ್ಲಬ್ಬೂ ಕೈಬಿಟ್ಟವರ ಪಟ್ಟಿ ಹಾಕುತ್ತದೆ. ಮೂರು ಸೊನ್ನೆ ಹೊತ್ತ ಕೀಪರನನ್ನು ಯಾರು ಇಟ್ಟುಕೊಳ್ಳುತ್ತಾರೆ? ಒಂದಾದರೂ ಹಿಟ್ ಬೇಕು, ಅದೂ ಆಗಸ್ಟ್ ಮುಗಿಯುವುದರೊಳಗೆ. ಅವನನ್ನು ಆಡಿಸುತ್ತಿದ್ದುದೇ ವಾರಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು. ಆ ದಿನ ತಂಡದ ಪಟ್ಟಿಯಲ್ಲಿ ಹೆಸರು ಕಂಡರೆ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿಕೊಳ್ಳುತ್ತಿದ್ದೆ. ಇಪ್ಪತ್ತೆರಡು, ಸೊನ್ನೆ. ಇಪ್ಪತ್ತೈದು, ಸೊನ್ನೆ. ಬಸವರಾಜ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ, “ಏನಾತಕ್ಕಾ, ನಿನ್ನ ಹುಡುಗ ಕಣ್ಣ ತಗದನೇನು?” ಎನ್ನುವನು. ಹಂಗಿಸುವ ದನಿಯೇ, ಆದರೆ ಉತ್ತರ ಬರುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ.

ನಡುನಡುವೆ ನನಗೊಂದು ಯೋಚನೆ ಬರುತ್ತಿತ್ತು. ಆಯುಷ್ಯವಿಡೀ ನಾನು ಪರೀಕ್ಷಿಸಿದ ಬೀಜಗಳಿಗೆ ಮುಖವಿರಲಿಲ್ಲ, ನಂಬರಿತ್ತು. ವರದಿಗೆ ಸಹಿ ಹಾಕಿದ ಮೇಲೆ ಆ ಬೀಜ ಯಾವ ಹೊಲ ಸೇರಿತು, ಯಾರ ಮನೆಯ ಪಲ್ಯವಾಯಿತು, ನಾನು ತಿಳಿಯಲು ಹೋಗಲಿಲ್ಲ; ತಿಳಿಯುವುದು ನಿಯಮದಲ್ಲಿಯೂ ಇರಲಿಲ್ಲ. ಈಗ ಬೂದುಬಣ್ಣದ ತಲೆಯೊಂದನ್ನು ದಿನದಿನವೂ ಹಿಂಬಾಲಿಸುವಾಗ, ಅಂದು ಬಿಟ್ಟದ್ದನ್ನು ಇಂದು ತೀರಿಸಿಕೊಳ್ಳುತ್ತಿದ್ದೇನೆಯೆ ಎನಿಸುತ್ತಿತ್ತು. ಒಬ್ಬರನ್ನು ಅಕ್ಕರೆಯಿಂದ ಗಮನಿಸುವುದಕ್ಕೆ ಅವರ ಪರಿಚಯ ಬೇಕೇ ಬೇಕು ಎಂದು ನಾವೇಕೆ ತಿಳಿಯುತ್ತೇವೋ! ನನ್ನ ಪರಿಚಯ ಅಷ್ಟಾಗಿ ಇಲ್ಲದ ಆ ಹಿರಿಯ ಅಧಿಕಾರಿ ನನ್ನನ್ನೂ ಗಮನಿಸಿ, ಗೀಟು ಎಳೆಯದೆ ಬಿಟ್ಟದ್ದರಿಂದಲೇ ಅಲ್ಲವೆ, ಆ ಮೊದಲ ವರ್ಷ ನನ್ನ ನೌಕರಿ ಉಳಿದದ್ದು?

ಕೊನೆಯ ಆಟದ ದಿನ ಬಂತು. ಅಂದು ಒಂಬತ್ತರ ಬದಲು ಏಳೇ ಇನ್ನಿಂಗ್ಸ್ ಆಡಿಸುವುದೆಂದು ಪುಟದಲ್ಲಿ ಬರೆದಿತ್ತು. ಹೋಸ್ವೆಯ ಹೆಸರು ಪಟ್ಟಿಯ ತಳದಲ್ಲಿತ್ತು. ಅಲ್ಲಿಯವರೆಗೆ ಇಪ್ಪತ್ತೆಂಟು ಸಲ, ಸೊನ್ನೆ. ಏಳೂವರೆಗೆ ಮೇಜಿಗೆ ಬಂದಾಗ ನನ್ನ ಕುರ್ಚಿಯ ಆಚೆ ಈಚೆ ಇನ್ನೆರಡು ಕುರ್ಚಿಗಳಿದ್ದವು. ನಿರ್ಮಲಾ ಮೆಂತೆ ಸೊಪ್ಪು ಬಿಡಿಸುವ ನೆವ ತಂದಿದ್ದಳು. ಬಸವರಾಜ ನೆವವನ್ನೂ ತಂದಿರಲಿಲ್ಲ.

ಎಂಟರ ಸುಮಾರಿಗೆ ಮೊದಲ ಸರದಿ: ಔಟ್. ಎಂಟೂ ಮುಕ್ಕಾಲಿಗೆ ಎರಡನೆಯದು: ನಾಲ್ಕು ಕೆಟ್ಟ ಚೆಂಡು ಬಿಟ್ಟು ಮೊದಲ ಬೇಸಿನತ್ತ ನಡಿಗೆ. “ನೋಡಿದೇನು, ಕಣ್ಣ ಐತಿ!” ಎಂದು ಬಸವರಾಜ ಮೇಜು ಗುದ್ದಿದ, ಚಟ್ನಿ ಡಬ್ಬಿ ಅಲುಗಿ ಫೋನು ಬೋರಲು ಬಿತ್ತು. ಕಣ್ಣೇನೋ ಇತ್ತು, ಹಿಟ್ ಇರಲಿಲ್ಲ. ಗೋಡೆಯ ಗಡಿಯಾರ ಒಂಬತ್ತು ಹೊಡೆಯಿತು. ಆರನೆಯ ಇನ್ನಿಂಗ್ಸು ನಡೆದಿತ್ತು. ಹೋಸ್ವೆಗೆ ಇನ್ನೊಂದು ಸರದಿ ಬಂದರೂ ಬರಬಹುದು, ಬಾರದೆಯೂ ಇರಬಹುದು. ನಾನು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಎದ್ದೆ.

“ಎಲ್ಲಿ ಹೊಂಟಿ?” ಎಂದ ಬಸವರಾಜ.

“ಒಂಬತ್ತಾತು. ಮುಂಜಾನೆ ನೋಡಿದ್ರ ಆತು.”

“ಅಕ್ಕಾ! ಆ ಹುಡುಗ ಅಲ್ಲಿ ಬಿಸಿಲಾಗ ಕುಕ್ಕರಗಾಲಿಲೆ ಕುಂತಾನ, ನಿನಗ ಇಲ್ಲಿ ಕುರ್ಚಿ ಮ್ಯಾಲೆ ಕುಂದ್ರಾಕ ಆಗವಲ್ದೇನು?”

“ಕುಂದರ್ರಿ ಅಕ್ಕಾರ,” ಎಂದಳು ನಿರ್ಮಲಾ, ಮೆಲ್ಲಗೆ. “ಒಂದಿನ ಗಡಿಯಾರಕ್ಕ ರಜಾ ಕೊಡ್ರಿ.”

ಕೂತೆ. ನನ್ನ ನೆನಪಿನಲ್ಲಿ ಒಂಬತ್ತು ದಾಟಿ ನಾನು ಮೇಜಿನ ಮುಂದೆ ಕೂತದ್ದು ಅದೇ ಮೊದಲು. ಒಂಬತ್ತೂ ಇಪ್ಪತ್ತಕ್ಕೆ ಕೊನೆಯ ಇನ್ನಿಂಗ್ಸು. ಒಬ್ಬ ಔಟ್, ಇನ್ನೊಬ್ಬ ಔಟ್. ಮೂರನೆಯವನೂ ಔಟಾದರೆ ಆಟ ಮುಗಿಯಿತು, ಈ ವರ್ಷದ ಲೀಗೂ ಮುಗಿಯಿತು. ಮೂರನೆಯವನ ಹೆಸರು ಮೂಡಿತು: ಹೋಸ್ವೆ. ಹೆಸರು ಮೂಡಿ ಅಲ್ಲಿಯೇ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ನಿರ್ಮಲಾಳ ಕೈಯಲ್ಲಿ ಒಂದೇ ಮೆಂತೆ ದಂಟು ಎಷ್ಟು ಹೊತ್ತು ಇತ್ತೋ. “ನೆಟ್‌ವರ್ಕ್ ಹೋತೇನ್ ಅಕ್ಕಾ?” ಎಂದು ಬಸವರಾಜ ಫೋನನ್ನು ಕಿಟಕಿಗೆ ಹಿಡಿದ. ನಾನು ಕಸಿದುಕೊಂಡೆ. ಆ ಹುಡುಗನ ಊರಿನಲ್ಲಿ ಅದೇ ಹೊತ್ತಿಗೆ ಅವನ ತಾಯಿಯೂ ಇದೇ ಸಾಲನ್ನು ನೋಡುತ್ತ ಕೂತಿರಬಹುದೆಂದು ಹೊಳೆಯಿತು. ಲೋಕದಲ್ಲಿ ಬಹುಶಃ ಎರಡೇ ಮನೆ, ಎರಡರಲ್ಲೂ ಯಾರೂ ಉಸಿರಾಡುತ್ತಿಲ್ಲ.

ಸಾಲು ಬದಲಾಯಿತು. ಹೋಸ್ವೆ, ಎಡಗಡೆ ಮೈದಾನಕ್ಕೆ ಹೊಡೆತ, ಮೊದಲ ಬೇಸಿನಲ್ಲಿ ಸುರಕ್ಷಿತ. ಹಿಟ್!

ನಾನು ಕೂಗಿದೆನಂತೆ. ಪಕ್ಕದ ಮನೆಯವರು ದೀಪ ಹಾಕಿ, “ಏನಾತ್ರೀ, ಹಾವೇನ್ರೀ?” ಎಂದು ಕೇಳಿದರಂತೆ. ಮುಂದಿನವನು ಔಟಾದ, ತಂಡ ಸೋತಿತು, ಅದರ ಗೊಡವೆ ನಮಗೇಕೆ! ಪುಕ್ಕಟೆ ನಡಿಗೆ ಲೆಕ್ಕಕ್ಕಿಲ್ಲ, ಹೀಗಾಗಿ ಮೂವತ್ತು ಸಲಕ್ಕೆ ಒಂದು. ಮೂರು ಸೊನ್ನೆಗಳಲ್ಲಿ ಎರಡು ಅಳಿಸಿ ಎರಡು ಮೂರುಗಳು ಕೂತಿದ್ದವು. ನೂರಕ್ಕೆ ಮೂರು ಮೊಳೆಯುವ ಬೀಜವನ್ನು ನನ್ನ ಮುಂದೆ ತಂದಿದ್ದರೆ ಎರಡನೆಯ ಸಲ ನೋಡದೆ ಫೇಲ್ ಮಾಡುತ್ತಿದ್ದವಳು, ಅಂದು ಆ ಮೂರಕ್ಕಾಗಿ ಮೇಜಿನ ಸುತ್ತ ಎರಡು ಸುತ್ತು ಹಾಕಿದೆ, ನೋವಿನ ಮೊಣಕಾಲಿನಲ್ಲಿ.

ಆದರೆ ನೂರಕ್ಕೆ ಮೂರು, ಕ್ಲಬ್ಬಿನವರ ಕಣ್ಣಿಗೂ ಮೂರೇ. ಹತ್ತು ದಿನ ಕೈಬಿಟ್ಟವರ ಪಟ್ಟಿಗಾಗಿ ಕಾದೆವು. ಅದು ಬಂದದ್ದು ಒಂದು ಗುರುವಾರ, ಬಸವರಾಜ ಬ್ಯಾಡಗಿಗೆ ಹೋದ ಮೇಲೆ. ಪುಟ ತೆರೆದೆ, ಓದಲಾಗಲಿಲ್ಲ. ಫೋನು ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋದೆ.

“ಕೊಡ್ರಿಲ್ಲೆ,” ಎಂದು ನಿರ್ಮಲಾ ರೊಟ್ಟಿ ಬಡಿಯುವುದನ್ನು ಬಿಟ್ಟು ಎದ್ದುಬಂದಳು. ಹಿಟ್ಟು ಮೆತ್ತಿದ ಬೆರಳಿನಲ್ಲಿ ಒಂದೊಂದೇ ಹೆಸರು ಮುಟ್ಟಿ ತುಟಿ ಅಲುಗಿಸುತ್ತ ಕೆಳಗಿಳಿದಳು, ಮತ್ತೆ ಮೇಲಿನಿಂದ ಇಳಿದಳು. “ಇಲ್ಲರಿ ಅಕ್ಕಾರ. ಎರಡ ಸಲ ನೋಡೇನಿ. ಅವನ ಹೆಸರ ಇದರಾಗ ಇಲ್ಲ.”

ತಮ್ಮನಿಗೆ ಫೋನು ಹಚ್ಚಿದೆ. ಆ ಕಡೆ ಹಮಾಲರ ಕೂಗು, ತಕ್ಕಡಿಯ ಸದ್ದು, ಮೆಣಸಿನಕಾಯಿಯ ಘಾಟಿಗೆ ಯಾರೋ ಸೀನಿದ ಮೇಲೆ ಸೀನು.

“ಅದಾನೋ ಇಲ್ಲೋ, ಅಷ್ಟ ಹೇಳು!” ಎಂದ.

“ಅದಾನ,” ಎಂದೆ.

ಅವನು ಫೋನು ಇಡಲೂ ಮರೆತ. ಸೀನುತ್ತಿದ್ದ ಗಿರಾಕಿ, “ಯಾರ್ರೀ ಅದು, ಪಾಸಾದನೇನ್ರಿ ಹುಡುಗ?” ಎಂದು ಕೇಳಿದ್ದು ಕೇಳಿಸಿತು.

“ಪಾಸೂ ಆಗಿಲ್ಲ, ಫೇಲೂ ಆಗಿಲ್ಲರಿ!” ಎಂದು ನನ್ನ ತಮ್ಮ ಅಂಗಡಿಗೆಲ್ಲ ಕೇಳುವಂತೆ ಕೂಗಿದ. “ಇನ್ನೊಂದ ವರ್ಷ ನೋಡೂಣು ಅಂದಾರ. ಏ, ಯಾರಲ್ಲಿ, ಪೇಢೆ ತರಸ್ರಿ, ಪೇಢೆ!”