ಮೂಲೆಯ ಗಾಳಿ

ಕಂಪಲಾಪುರದ ಹತ್ತಿರ ಅಕ್ಕನ ಮನೆಗೆ ಬಂದು ಎರಡು ಗಂಟೆಯೂ ಆಗಿರಲಿಲ್ಲ, ಮನೆಯಿಂದ ರಸ್ತೆಗೆ, ರಸ್ತೆಯಿಂದ ಮನೆಗೆ ಹತ್ತು ಸಲ ಓಡಾಡಿದ್ದೆ. "ಅದೇನೆ, ಮೈಮೇಲೆ ಇರುವೆ ಬುಟ್ಕಂಡಂಗೆ ಆಡ್ತೀಯ? ಒಂದ್ಕಡೆ ಕೂತ್ಕೊ" ಎಂದು ಅಕ್ಕ ಗದರಿದಳು. ಕೂರುವುದು ಹೇಗೆ? ಅಲ್ಲಿ ನಮ್ಮ ಪ್ರಯೋಗಾಲಯದಲ್ಲಿ ಮೂರು ಜನ ಬಾಗಿಲು ಬಿಗಿದ ಕೋಣೆಯೊಳಗಿದ್ದರು. ಅವರ ಉಸಿರಿಗೆ ನಾನು ಹೊಣೆ.

ಬಾಹ್ಯಾಕಾಶಕ್ಕೆ ಹೋಗುವ ನೌಕೆಯಲ್ಲಿ ಗಾಳಿ ಬೇಕೆಂದು ಕಿಟಕಿ ತೆಗೆಯಲಾಗುವುದಿಲ್ಲ. ಒಳಗಿನವರು ಬಿಟ್ಟ ಉಸಿರಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು, ಮಿಕ್ಕ ಗಾಳಿಯನ್ನು ವಾಪಸು ಕೊಡುವ ಡಬ್ಬಿ ನಮ್ಮ ತಂಡದ್ದು. ಆ ಗಾಳಿಯನ್ನು ಅಳೆಯುವ ಸೆನ್ಸಾರ್ ಎಲ್ಲಿರಬೇಕೆಂದು ತೀರ್ಮಾನಿಸಿದವಳು ನಾನು. ಅದಕ್ಕಾಗಿಯೇ ನೆಲದ ಮೇಲೆ ಈ ನಾಲ್ಕು ದಿನದ ಪರೀಕ್ಷೆ. ನನ್ನ ಸರದಿ ಎರಡನೇ ದಿನಕ್ಕೆ ಮುಗಿದಿತ್ತು. ಹೊರಡುವ ಮುಂಚೆ, ಒಳಗಿದ್ದ ಮೂವರಲ್ಲಿ ಪರದೆಯ ಹಿಂದಿನ ಮಂಚದಲ್ಲಿ ಮಲಗುತ್ತಿದ್ದವನು ತಲೆನೋವು ಎಂದಿದ್ದ. ಸೆನ್ಸಾರ್ ನೋಡಿದೆ, ಎಲ್ಲ ಸರಿಯಿತ್ತು. "ಹೊಸ ಜಾಗ, ನಿದ್ದೆ ಸಾಲದು" ಎಂದು ವರದಿಯಲ್ಲಿ ಗೀಚಿ ಬಸ್ಸು ಹತ್ತಿದ್ದೆ.

ಬಸ್ಸಿನಲ್ಲೂ ನೆಮ್ಮದಿಯಿಲ್ಲ. ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಇಷ್ಟು ಜನರ ಉಸಿರು ಎಲ್ಲಿಗೆ ಹೋಗುತ್ತಿದೆ ಎಂಬ ಯೋಚನೆ ಹುಣಸೂರು ದಾಟಿದರೂ ಬಿಡಲಿಲ್ಲ. ಪಕ್ಕದಾಕೆ ಚಳಿ ಚಳಿ ಅಂತ ಗೊಣಗಿದರೂ ಕಿಟಕಿ ಸರಿಸಿಯೇ ಕೂತಿದ್ದೆ.

ಅಕ್ಕನ ಬ್ಯಾರನ್ನಿನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ಕಡ್ಡಿಗೆ ಕಟ್ಟಿ ಸೂರಿನವರೆಗೂ ನೇತುಹಾಕಿದ ಹಸಿ ಎಲೆ, ಒಲೆಯ ಶಾಖಕ್ಕೆ ಹಳದಿಯಾಗುವ ಎತ್ತರದ ಕೋಣೆ ಅದು. ಬಾಗಿಲ ಪಕ್ಕದ ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ಕಾಣುತ್ತದೆ. ಬಗ್ಗಿ ನೋಡಿ, "ಬಿಸಿ ಸರಿಯಾಗಿದೆ ಕಣಕ್ಕ" ಎಂದೆ, ದೊಡ್ಡ ಪಂಡಿತೆಯ ಹಾಗೆ. ಅಕ್ಕ ನಕ್ಕಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ನುಗ್ಗಿ, ಹಿಂದಿನ ಮೂಲೆಯಿಂದ ಒಂದು ಎಲೆ ಕಿತ್ತು ತಂದು ನನ್ನ ಕೈಗಿಟ್ಟಳು. ಅದಿನ್ನೂ ಹಸಿರಾಗಿಯೇ ಇತ್ತು.

"ಅದು ಬಾಗ್ಲತ್ರ ನೇತಾಕಿರೋದು ಕಣೆ, ಬಾಗ್ಲತ್ರದ ಬಿಸಿ ಯೋಳ್ತದೆ. ನೋಡಕ್ಕೆ ಸುಲಭ ಅಂತ ಅಲ್ಲಿ ಆಕವ್ರೆ. ಮೂಲೆ ಸೊಪ್ಪಿನ ಪಾಡು ಅದಕ್ಕೇನ್ ಗೊತ್ತು?"

ನಮ್ಮ ಸೆನ್ಸಾರ್ ಇದ್ದದ್ದು ಡಬ್ಬಿಯಿಂದ ಶುದ್ಧ ಗಾಳಿ ಬರುವ ಫ್ಯಾನಿನ ಎದುರಿಗೇ. ವೈರು ಎಳೆಯಲು ಸುಲಭವೆಂದು ಅಲ್ಲಿ ಇಡಿಸಿದ್ದೆ. ಪರದೆಯ ಹಿಂದೆ ಮಲಗುವವನ ಮೂಗಿನ ಹತ್ತಿರ ಏನೂ ಇರಲಿಲ್ಲ. ತಾನು ಬಿಟ್ಟ ಉಸಿರನ್ನೇ ಅವನು ಮತ್ತೆ ಮತ್ತೆ ಎಳೆದುಕೊಳ್ಳುತ್ತಿದ್ದರೆ? ತಲೆನೋವೆಂದು ಬಾಯಿಬಿಟ್ಟು ಹೇಳಿದ್ದನಲ್ಲ! ಅಂಗೈ ಹುಣ್ಣಿಗೆ ಕನ್ನಡಿ ಹಿಡಿದು ಕೂತಿದ್ದವಳು ನಾನು.

ಬ್ಯಾರನ್ ಹತ್ತಿರ ಸಿಗ್ನಲ್ ಸಿಗುವುದಿಲ್ಲ. ಬರಿಗಾಲಲ್ಲಿ ರಸ್ತೆಗೆ ಓಡಿದೆ. ಸರದಿಯಲ್ಲಿದ್ದ ಸಹೋದ್ಯೋಗಿ, "ರೀಡಿಂಗ್ ನಾರ್ಮಲ್ ಇದೆ ಕಣ್ರೀ. ಈಗ ಬಾಗಿಲು ತೆಗೆದರೆ ಎಲ್ಲ ಮೊದಲಿಂದ ಮಾಡಬೇಕು" ಎಂದರು.

"ಮಾಡೋಣ. ತಪ್ಪು ಜಾಗದಲ್ಲಿ ಇಡಿಸಿದವಳು ನಾನೇ. ಒಳಗೆ ಗಾಳಿ ಅಳೆಯೋ ಕೈಮೀಟರ್ ಇದೆಯಲ್ಲ, ಪರದೆಯ ಹಿಂದೆ ಹಿಡಿಯೋಕೆ ಹೇಳಿ, ಬೇಗ!"

ಅವರು ಮೈಕಿನಲ್ಲಿ ಒಳಗಿನವರಿಗೆ ಹೇಳುವುದು ಕೇಳಿಸಿತು. ಹೊಗೆಸೊಪ್ಪು ತುಂಬಿದ ಟ್ರ್ಯಾಕ್ಟರೊಂದು ಪಕ್ಕದಲ್ಲೇ ಹಾದುಹೋಯಿತು. ಡ್ರೈವರ್ ಏನೋ ಬೈದ. ಆಮೇಲೆ ಸಹೋದ್ಯೋಗಿಯ ದನಿ, ಬಹಳ ಸಣ್ಣಗೆ: "ಬಾಗಿಲು ತೆಗೀತಾ ಇದೀವಿ."

ಅರ್ಧ ಗಂಟೆಯ ನಂತರ ಪರದೆಯ ಹಿಂದೆ ಮಲಗುತ್ತಿದ್ದವನೇ ಫೋನ್ ಮಾಡಿದ. ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಥ್ಯಾಂಕ್ಸ್ ಮೇಡಂ," ಎಂದ. "ಮಿಕ್ಕಿಬ್ಬರು ಆರಾಮಾಗಿದ್ರು, ಸೆನ್ಸಾರೂ ಸರಿ ಅಂತಿತ್ತು. ನನ್ನ ಮೈಯಲ್ಲೇ ಏನೋ ಐಬು ಅಂದ್ಕೊಂಡೆ. ಅದಕ್ಕೇ ಆಮೇಲೆ ಹೇಳೋದೇ ಬಿಟ್ಟಿದ್ದೆ."