ಅಂಗೈಯಗಲದ ಕೂಲರ್

ಬೇಸಿಗೆಯಲ್ಲಿ ಮೊದಲ ಸಲ ಕೂಲರಿಗೆ ನೀರು ಹಾಕಿದಾಗ ಅದರ ಒಣಹುಲ್ಲು ನೆನೆದು ಒಂದು ವಾಸನೆ ಬರುತ್ತದಲ್ಲ, ನಿಮಗೂ ಗೊತ್ತಿರಬಹುದು. ಈ ಬೆಳಿಗ್ಗೆ ನಮ್ಮ ಸುರಪುರದ ಮನೆಯಲ್ಲಿ ಆ ವಾಸನೆ ಬಂತು. ಉಳಿದವರಿಗೆ ಅದರಿಂದ ಏನು ನೆನಪಾಗುತ್ತದೋ ತಿಳಿಯದು. ನನಗೆ ಕೊಳ್ಳದೇ ಬಿಟ್ಟ ಒಂದು ಗ್ರಾಫಿಕ್ಸ್ ಕಾರ್ಡು ನೆನಪಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಶಹಾಪುರದ ಹತ್ತಿ ಮಿಲ್ಲಿನ ಆಫೀಸಿಗೆ ಹೋಗಿಬರುತ್ತಿದ್ದೆ. ಬಸ್ಸಿನಲ್ಲಿ ಮಂದಿ ತೂಕಡಿಸುತ್ತಿದ್ದರು, ನಾನು ಫೋನಿನಲ್ಲಿ ಪ್ರೊಸೆಸರುಗಳನ್ನು ಹೋಲಿಸುತ್ತಿದ್ದೆ. ಬಿಡಿಭಾಗಗಳನ್ನು ನಾನೇ ಆರಿಸಿ, ನಾನೇ ಜೋಡಿಸಿ, ಆ ಕಂಪ್ಯೂಟರಿನಲ್ಲಿ ಆಟ ಆಡಬೇಕೆಂಬ ಆಸೆ. ನನಗೆ ಗಂಡು ನೋಡುವಾಗಲೂ ಮನೆಯವರು ಇಷ್ಟು ವಿಚಾರಿಸಿರಲಿಲ್ಲ. ಯಾದಗಿರಿಯ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದರೆ, "ಬಿಲ್ಲಿಂಗ್ ಆರಾಮ ಓಡ್ತದ್ರಿ ಮೇಡಂ, ಮತ್ತೇನ್ ಬೇಕ್ರಿ?" ಎಂದರು. ಮತ್ತೇನು ಬೇಕೆಂದು ಹೇಳಲು ಸಂಕೋಚವಾಗಿ, ಎಲ್ಲವನ್ನೂ ಆನ್‌ಲೈನಿನಲ್ಲೇ ತರಿಸತೊಡಗಿದೆ.

ನಮ್ಮ ಕಡೆಯ ಬಿಸಿಲಿಗೆ ಮನುಷ್ಯರೇ ಕೆಟ್ಟು ನಿಲ್ಲುತ್ತಾರೆ, ಪ್ರೊಸೆಸರಿನ ಪಾಡೇನು? ಅದನ್ನು ತಣ್ಣಗಿಡಲು ಮೇಲೆ ಕೂರಿಸುವ ಫ್ಯಾನಿಗೆ ಕೂಲರ್ ಎನ್ನುತ್ತಾರೆ. ಅದನ್ನೂ ಆರಿಸಿದ ಸಂಭ್ರಮದಲ್ಲಿ, "ಯವ್ವಾ, ಕೂಲರ್ ಆರ್ಡರ್ ಮಾಡೇನಿ. ಬಾಳ ಚಲೋದೈತಿ" ಎಂದೆ.

ಅವ್ವ ಕಿಟಕಿಯ ಬಳಿಯಿದ್ದ ಜೋಳದ ಚೀಲಗಳನ್ನು ಅಡುಗೆಮನೆಗೆ ಎಳೆದಳು. ಜಾಗ ಕಂಪ್ಯೂಟರಿಗೆಂದು ತಿಳಿದು ನಾನು ಹಿಗ್ಗಿದೆ. ಪಕ್ಕದ ಮನೆಯ ಖೈರುನಬಿಯ ಮಗಳು ಶಬಾನಾ ಹೆರಿಗೆಗೆ ಬಂದು ಬಾಣಂತಿಯಾಗಿದ್ದಳು. ಕೂಸಿನ ಮೈತುಂಬ ಬೆವರುಗುಳ್ಳೆ, ಹಗಲೆಲ್ಲ ಅಳು. ಕೂಲರ್ ಬಂದ ಮೇಲೆ ಬಾಣಂತಿ, ಕೂಸು ಇಬ್ಬರೂ ನಮ್ಮಲ್ಲೇ ಮಲಗಲಿ ಎಂದು ಅವ್ವ ಅವರಿಗೆ ಮಾತು ಕೊಟ್ಟದ್ದು ನನಗೆ ಗೊತ್ತಿರಲಿಲ್ಲ.

ಪೆಟ್ಟಿಗೆ ಬಂದಾಗ ಅವರೆಲ್ಲ ನಮ್ಮ ಮನೆಯಲ್ಲಿದ್ದರು. ಕಿಟಕಿಯ ಕೆಳಗೆ ಹಾಸಿಗೆ ಹಾಸಿ ಕೂಸನ್ನು ಮಲಗಿಸಿಯೂ ಆಗಿತ್ತು. ನಾನು ಪೆಟ್ಟಿಗೆ ಬಿಚ್ಚಿ, ಅಂಗೈಯಗಲದ ಫ್ಯಾನನ್ನು ಹಾಸಿಗೆಯ ತುದಿಗೆ ಇಟ್ಟೆ.

"ಇದರಾಗ ನೀರ್ ಎಲ್ಲಿ ಹಾಕ್ತಾರವ್ವಾ?" ಎಂದಳು ಖೈರುನಬಿ.

ಆಗ ನನಗೆ ಎಲ್ಲ ಅರ್ಥವಾಯಿತು. ಅವ್ವ ಫ್ಯಾನನ್ನು ನೋಡಿದಳು, ನನ್ನನ್ನು ನೋಡಿದಳು. ಮುಖ ಒಂದಿಷ್ಟೂ ಬದಲಾಗಲಿಲ್ಲ.

"ಇದು ಸಣ್ಣದು, ಮುಂದ ಬಂದೈತಿ. ದೊಡ್ಡದು ಹಿಂದ ಬರಾಕತ್ತೈತಿ."

"ಹೌದೇನಕ್ಕಾ?" ಶಬಾನಾ ನನ್ನನ್ನೇ ಕೇಳಿದಳು.

"ಹೌದು, ನಾಳಿಗಿ ಬರ್ತೈತಿ" ಎಂದೆ.

ದೊಡ್ಡ ಆಟಗಳಿಗೆ ಬೇಕೇಬೇಕಾದ, ತಿಂಗಳುಗಟ್ಟಲೆ ಆರಿಸಿದ್ದ ಗ್ರಾಫಿಕ್ಸ್ ಕಾರ್ಡಿನ ಆರ್ಡರ್ ರದ್ದು ಮಾಡಿ, ಆ ದುಡ್ಡಿನಲ್ಲಿ ಮರುದಿನ ನೀರಿನ ಕೂಲರನ್ನು ಆಟೋದಲ್ಲಿ ತಂದೆ. ಅವ್ವನ ಮೇಲೆ ಕೆಂಡದಂಥ ಸಿಟ್ಟಿತ್ತು. ಗಾಳಿ ತಾಗಿದೊಡನೆ ಕೂಸು ಸುಮ್ಮನಾಯಿತು, ಶಬಾನಾ ಕೂತಲ್ಲೇ ನಿದ್ದೆಹೋದಳು. ಕಾರ್ಡಿಲ್ಲದ ಕಂಪ್ಯೂಟರಿನಲ್ಲಿ ನಾನು ಸದ್ದು ಬರದಂತೆ ಮಾಡಿ ಇಸ್ಪೀಟು ಆಡಿದೆ.

ಇವತ್ತು ನೀರು ಹಾಕುತ್ತ ಕೇಳಿಯೇಬಿಟ್ಟೆ: "ಅವತ್ತು ನಾ ತರದಿದ್ರ ಏನ್ ಮಾಡ್ತಿದ್ದಿ?"

"ತರ್ತಿ ಅಂತ ಗೊತ್ತಿತ್ತು. ಕೂಸಿನ ಕಡೆ ಹೆಂಗ ನೋಡಾಕತ್ತಿದ್ದಿ, ಕಣ್ಣಾಗ ನೀರು ಬಂದಿದ್ವು" ಎಂದಳು ಅವ್ವ.

ನಾನು ನೋಡುತ್ತಿದ್ದದ್ದು ಕೂಸಿನ ಕಾಲ ಬಳಿಯ ಫ್ಯಾನನ್ನು, ಎಲ್ಲಿ ಒದ್ದುಬಿಡುತ್ತದೋ ಎಂದು. ಅದನ್ನು ಅವ್ವನಿಗೆ ಹೇಳಲಿಲ್ಲ. ಅವಳು ತಿಳಿದುಕೊಂಡ ಮಗಳೇ ಇರಲಿ ಎನಿಸಿತು.