ಒಂದೂವರೆ ಗಂಟೆಯ ಮೈಸೂರು

ಚೆನ್ನೈಯಿಂದ ಮೈಸೂರಿಗೆ ವಿಮಾನದಲ್ಲಿ ಒಂದೂವರೆ ಗಂಟೆ. ಈ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಯಾರ ಮನೆಯ ಬಾಗಿಲಿನಿಂದ ಯಾರ ಮಂಚದ ತನಕ ಒಂದೂವರೆ ಗಂಟೆ?

ಅಂದು ಬೆಳಿಗ್ಗೆ ಮೈಸೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಳು. "ಚಿಕ್ಕಮ್ಮ, ಡಾಕ್ಟರು ಕೈಬಿಟ್ಟಿದ್ದಾರೆ. ಅಮ್ಮ ನಿಮ್ಮನ್ನೇ ಕೇಳ್ತಿದ್ದಾರೆ, ಬೇಗ ಬನ್ನಿ."

ಕೂಡಲೇ ಹೊರಟಿದ್ದರೆ ಹಗಲಿನ ರೈಲು ಸಿಗುತ್ತಿತ್ತು. ನಮ್ಮ ಯಜಮಾನರು ಬಿಡಬೇಕಲ್ಲ! ಅಂಬತ್ತೂರಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದವರು, ಫೋನಿನಲ್ಲಿ ದೂರ ಅಳೆದು ತೀರ್ಪು ಕೊಟ್ಟರು. "ರೈಲಲ್ಲಿ ಯಾಕೆ ಸೊಂಟ ಮುರ್ಕೋತೀ? ಮಧ್ಯಾಹ್ನದ ಫ್ಲೈಟಲ್ಲಿ ಹೋದ್ರೂ ಅಷ್ಟೊತ್ತಿಗೇ ಸೇರ್ತೀ. ಒಂದೂವರೆ ಗಂಟೆ, ಅಷ್ಟೇ." ವೇಲಚೇರಿಯ ನಮ್ಮ ಮನೆಗೆ ವಿಮಾನ ನಿಲ್ದಾಣ ಹತ್ತಿರವೇ, ಬಟ್ಟೆ ಒಣಹಾಕುವಾಗ ವಿಮಾನಗಳು ತಲೆಯ ಮೇಲೇ ಹೋಗುತ್ತವೆ. ನಾನೂ ಒಪ್ಪಿದೆ.

ಆದರೆ ಮನೆ ಬಿಡುವ ಹೊತ್ತು ರಾಹುಕಾಲಕ್ಕೆ ಬಿತ್ತು. ಅದಕ್ಕೆ ನಮ್ಮವರಲ್ಲಿ ಪ್ರಸ್ಥಾನ ಇಡುವ ಪದ್ಧತಿ ಇದೆ. ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಚೀಲವನ್ನು ಬೇರೆಯವರ ಮನೆಯಲ್ಲಿಟ್ಟುಬಿಟ್ಟರೆ ಆಗಲೇ ಹೊರಟಂತೆ ಲೆಕ್ಕ. ಆಮೇಲೆ ಯಾವಾಗ ಹೋದರೂ ದೋಷವಿಲ್ಲ. ಇವರು ನನ್ನ ಚೀಲವನ್ನು ಕೆಳಗಿನ ಮನೆಯ ಮಾಮಿಯ ಹತ್ತಿರ ಇಟ್ಟು ಬಂದರು. ಚೀಲದಲ್ಲಿ ನನ್ನ ಹೆಸರಿನದು ಏನಾದರೂ ಇರಲಿ ಎಂದು ಗುರುತಿನ ಚೀಟಿಯನ್ನೂ ಅದಕ್ಕೇ ತುರುಕಿದ್ದರು. ಎಂಥಾ ಬುದ್ಧಿ!

ಹೊರಡುವಾಗ ನೋಡಿದರೆ ಮಾಮಿಯ ಮನೆಗೆ ಬೀಗ. ಫೋನ್ ಮಾಡಿದೆ. ಮೈಲಾಪೂರಿನ ದೇವಸ್ಥಾನದಲ್ಲಿದ್ದರು. "ಇದೋ ವಂದುಟೇನ್, ಬಂದೇಬಿಟ್ಟೆ" ಅಂದರು. ಬರುತ್ತಲೇ ಇದ್ದರು. ಗುರುತಿನ ಚೀಟಿ ಇಲ್ಲದೆ ವಿಮಾನ ನಿಲ್ದಾಣದ ಬಾಗಿಲನ್ನೂ ದಾಟುವಂತಿಲ್ಲ. ನಾನು ಮೆಟ್ಟಿಲ ಮೇಲೆ ಕುಳಿತು ಹಲ್ಲು ಕಚ್ಚಿಕೊಂಡಿದ್ದೆ. ಇವರು ಮಾತ್ರ ಅಕ್ಕನ ಮಗಳಿಗೆ ಫೋನಿನಲ್ಲಿ, "ಆಗ್ಲೇ ಹೊರಟಾಯ್ತಮ್ಮ" ಎಂದು ಹೇಳುತ್ತಿದ್ದರು. ಅವರ ಪ್ರಕಾರ ಅದು ಸುಳ್ಳಲ್ಲ.

ಚೀಲ ಕೈಗೆ ಸಿಕ್ಕಿ ನಿಲ್ದಾಣ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಮುಂದಿನ ವಿಮಾನ ಮರುದಿನ. ಟ್ಯಾಕ್ಸಿ ಹಿಡಿದು ಇಬ್ಬರೂ ರಸ್ತೆಯಲ್ಲೇ ಹೊರಟೆವು. ಊರು ದಾಟುವುದಕ್ಕೇ ಅರ್ಧ ಜೀವ ಹೋಯಿತು. ವೇಲೂರಿನ ಹತ್ತಿರ ಫೋನ್ ಬಂತು. ಅಕ್ಕ ಹೋಗಿಬಿಟ್ಟಿದ್ದಳು.

ಮೈಸೂರಿನಲ್ಲಿ ಅಕ್ಕನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಪಕ್ಕದಲ್ಲಿ ಕುಳಿತು ಕೈ ಹಿಡಿದೆ, ತಣ್ಣಗಿತ್ತು. ಇವರು ಫೋನಿನಲ್ಲಿ ಪಂಚಾಂಗ ತೆಗೆದು, ನೆರೆದವರಿಗೆಲ್ಲ ಕೇಳುವಂತೆ, "ನಕ್ಷತ್ರ ಒಳ್ಳೇದಿದೆ. ಸಾವಿನ ದೋಷಕ್ಕೆ ಮನೆ ಬಿಟ್ಟಿರ್ಬೇಕಾಗಿಲ್ಲ, ಸದ್ಯ" ಅಂದರು.

"ಬಾಯಿ ಮುಚ್ಚಿ ಸಾಕು" ಅಂದೆ. ಮದುವೆಯಾದ ಮೇಲೆ ಇವರಿಗೆ ಹಾಗೆ ಅಂದದ್ದು ಅದೇ ಮೊದಲು. ಬೇರೆ ದಿನವಾಗಿದ್ದರೆ ಅಕ್ಕ, "ಗಂಡಂಗೆ ಹಾಗನ್ಬಾರ್ದು ಕಣೇ" ಎಂದು ನನ್ನ ತೊಡೆ ಚಿವುಟುತ್ತಿದ್ದಳು. ನಾನು ಹಿಡಿದ ಕೈ ಅಲುಗಲಿಲ್ಲ.